ದುಡ್ಡು ಕೊಟ್ಟಾಗಿದೆ ಅಂತ ಹಾರಬೇಡಿ

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ನನಗೆ 61 ವರ್ಷ. ಹೈಸ್ಕೂಲಿನಲ್ಲಿ ಟೀಚರ್ ಆಗಿದ್ದು ರಿಟೈರ್ ಆಗಿದ್ದೇನೆ. ಊರು ಸಾಗರ. ಮಗ-ಸೊಸೆ ಅಮೆರಿಕದ ಫ್ಲಾರಿಡಾದಲ್ಲಿದ್ದಾರೆ. ಜೂನ್‌ನಲ್ಲಿ ನಾವಿಬ್ಬರೂ ಹೋಗುತ್ತಿದ್ದೇವೆ. ನಮ್ಮನ್ನು ನಾಲ್ಕು ದಿನ ಬಹಾಮಾಸ್ ಕಡೆ ಹಡಗಿನಲ್ಲಿ ಕರೆದುಕೊಂಡು ಹೋಗುತ್ತಾನಂತೆ ಮಗ. ಅಲ್ಲಿ ಕೋಕೋಕೇ ಅನ್ನುವ ದ್ವೀಪದಲ್ಲಿ ನನಗೂ ಸೊಸೆಗೂ ಜೋಡಿಯಾಗಿ ಪ್ಯಾರಾಸೇಲಿಂಗ್ ಬುಕ್ ಮಾಡಿಬಿಟ್ಟಿದ್ದಾನೆ. ಬೋಟಿಗೆ ಹಗ್ಗ ಕಟ್ಟಿದ ಪ್ಯಾರಾಶೂಟ್ ಛತ್ರಿಯಲ್ಲಿ ಸಮುದ್ರದ ಮೇಲೆ ಹಾರುವುದಂತೆ. ‘ಸರ್‌ಪ್ರೈಸ್ ಅಮ್ಮಾ’ ಅಂದ. ನನಗೆ ಈಜು ಬರುವುದಿಲ್ಲ. ಬಿ.ಪಿ. ಮಾತ್ರೆ ನುಂಗುತ್ತೇನೆ. ಮಂಡಿ ನೋವು ಬೇರೆ. ಸೀರೆ, ಚೂಡಿದಾರ ಬಿಟ್ಟು ಬೇರೆ ಉಟ್ಟವಳಲ್ಲ. ನಮ್ಮ ಯಜಮಾನರು ‘ಈ ವಯಸ್ಸಿಗೆ ಇದೆಲ್ಲ ಬೇಕಾ’ ಅಂತ ದಿನಕ್ಕೆರಡು ಸಲ ಕೇಳುತ್ತಾರೆ. ಬೇಡ ಅಂದರೆ ಮಗನಿಗೆ ಬೇಜಾರು, ದುಡ್ಡೂ ದಂಡ. ಹೂಂ ಅಂದರೆ ರಾತ್ರಿ ನಿದ್ದೆ ಬರುವುದಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೆ ಆಸೆಯೂ ಇದೆ. ಏನು ಮಾಡಲಿ?

– ಹೆಸರು ಬೇಡ, ಸಾಗರ

ಸಂಪಾದಕರ ಉತ್ತರ

ನಮಸ್ಕಾರ ಟೀಚರ್,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬಿ.ಪಿ., ಮಂಡಿ, ಈಜು, ಯಜಮಾನರು ಎಲ್ಲ ಮುಗಿದ ಮೇಲೆ, ಕಡೆಯಲ್ಲಿ, ಕದ್ದು ಬರೆದ ಹಾಗೆ ‘ಆಸೆಯೂ ಇದೆ’ ಅಂದಿದ್ದೀರಿ. ಆ ಸಾಲು ಇಲ್ಲದೆ ಹೋಗಿದ್ದರೆ ನನ್ನ ಉತ್ತರ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು: ಬೇಡ, ದ್ವೀಪದಲ್ಲಿ ಮರದ ನೆರಳಿಗೆ ಕೂತು ಎಳನೀರು ಕುಡಿಯಿರಿ ಅಂತ. ಆಸೆ ಇರುವುದರಿಂದ ಉದ್ದ ಬರೆಯುತ್ತಿದ್ದೇನೆ.

ಮೊದಲು ನನ್ನ ಕಥೆ ಕೇಳಿ. ಎಂಟು ವರ್ಷದ ಹಿಂದೆ ಪಶ್ಚಿಮ ಕರಾವಳಿಯ ಒಂದು ಬೀಚಿಗೆ ಗೆಳೆಯರ ಜೊತೆ ಹೋಗಿದ್ದೆ. ಸಂಜೆ ನಾಲ್ಕೂವರೆ. ಪ್ಯಾರಾಸೇಲಿಂಗ್‌ಗೆ ದುಡ್ಡು ಕಟ್ಟಿ ಸಾಲಿನಲ್ಲಿ ನಿಂತೆವು. ನನ್ನ ಸರದಿ ಬರುವ ಹೊತ್ತಿಗೆ ಗಾಳಿ ಎದ್ದಿತ್ತು. ಮೈಗೆ ಪಟ್ಟಿ ಕಟ್ಟುತ್ತಿದ್ದ ಹುಡುಗ ಆಕಾಶ ನೋಡಿ, ‘ಸರ್, ಗಾಳಿ ಜಾಸ್ತಿ ಆಯ್ತು, ಸ್ವಲ್ಪ ಕಾಯಿರಿ’ ಅಂದ. ಆರಕ್ಕೆ ನಮ್ಮ ಬಸ್ಸು. ನಾನು ದೊಡ್ಡ ಮನುಷ್ಯನ ಹಾಗೆ, ‘ದುಡ್ಡು ಕೊಟ್ಟಾಗಿದೆ ಅಲ್ವಾ ಮಾರಾಯ’ ಅಂದೆ. ದೂರದಲ್ಲಿ ಕುರ್ಚಿ ಹಾಕಿ ಕೂತಿದ್ದ ಮಾಲೀಕ ‘ಬಿಡು, ಬಿಡು’ ಅಂತ ಕೈ ಆಡಿಸಿದ. ಹಾರಿದ್ದು ಚೆನ್ನಾಗಿಯೇ ಇತ್ತು. ಇಳಿದದ್ದು ಮಾತ್ರ ಇಳಿದ ಹಾಗಿರಲಿಲ್ಲ. ಕಾಲು ಮರಳಿಗೆ ತಾಗಿತು, ಆದರೆ ಮೇಲಿನ ಛತ್ರಿ ಗಾಳಿಗೆ ಮಡಚಿಕೊಳ್ಳಲೇ ಇಲ್ಲ. ಹತ್ತು ಹದಿನೈದು ಮಾರು ಮರಳಿನ ಮೇಲೆ ನನ್ನನ್ನು ದರದರ ಎಳೆದುಕೊಂಡು ಹೋಯಿತು. ಮೊಣಕೈಯ ಚರ್ಮ ಕಿತ್ತು ಹೋಯಿತು, ಕನ್ನಡಕ ಸಮುದ್ರಪಾಲು. ಬಲ ಮಂಡಿ ಈಗಲೂ ಮಳೆಗಾಲದಲ್ಲಿ ಆ ದಿನವನ್ನು ನೆನಪಿಸುತ್ತದೆ. ತಪ್ಪು ಅರ್ಧ ಅವರದು, ಅರ್ಧ ನನ್ನದು. ಹುಡುಗ ಸರಿಯಾಗಿಯೇ ಹೇಳಿದ್ದ.

ಹೆದರಿಸಲು ಇದನ್ನು ಹೇಳಲಿಲ್ಲ. ನನ್ನ ಪ್ರಕಾರ ಈ ಆಟದಲ್ಲಿ ಅತಿ ಅಪಾಯದ ವಸ್ತು ಹಗ್ಗವೂ ಅಲ್ಲ, ಎತ್ತರವೂ ಅಲ್ಲ. ‘ದುಡ್ಡು ಕೊಟ್ಟಾಗಿದೆ’ ಅನ್ನುವ ಮಾತು. ನಿಮ್ಮ ಪತ್ರದಲ್ಲೂ ಅದು ‘ದುಡ್ಡೂ ದಂಡ’ ಅಂತ ಬಂದಿದೆ.

ನಿಮ್ಮ ಮಂಡಿಯ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ಎರಡು ರೀತಿ ಇದೆ. ಒಂದು ನಾನು ಬಿದ್ದದ್ದು: ಮರಳಿನ ಮೇಲೆ ನಾಲ್ಕು ಹೆಜ್ಜೆ ಓಡಿ ಮೇಲೇಳುವುದು, ಮತ್ತೆ ಮರಳಿಗೇ ಇಳಿಯುವುದು. ಇದು ಮಂಡಿ ನೋವಿನವರಿಗೆ ಬೇಡವೇ ಬೇಡ. ಇನ್ನೊಂದು ವಿಂಚ್ ಬೋಟಿನದು. ಬೋಟಿನ ಹಿಂಭಾಗದಲ್ಲಿ ಸಪಾಟಾದ ಜಾಗ ಇರುತ್ತದೆ. ಅಲ್ಲಿ ಕೂತಿರುತ್ತೀರಿ. ಬೋಟು ಮುಂದೆ ಹೋದ ಹಾಗೆ ಒಂದು ದೊಡ್ಡ ರಾಟೆ ಹಗ್ಗವನ್ನು ಬಿಡುತ್ತಾ ಹೋಗುತ್ತದೆ, ನೀವು ಕೂತಲ್ಲಿಂದಲೇ ಮೇಲೇಳುತ್ತೀರಿ. ಮುಗಿದ ಮೇಲೆ ಅದೇ ರಾಟೆ ಬಾವಿಯಿಂದ ಕೊಡ ಸೇದಿದ ಹಾಗೆ ನಿಮ್ಮನ್ನು ಸೇದಿಕೊಂಡು ಅದೇ ಜಾಗದಲ್ಲಿ ಕೂರಿಸುತ್ತದೆ. ಕೊಡ ಕೆಳಗಿನಿಂದ ಬರುತ್ತದೆ, ನೀವು ಮೇಲಿನಿಂದ ಬರುತ್ತೀರಿ, ಅಷ್ಟೇ ವ್ಯತ್ಯಾಸ. ಹಡಗಿನವರು ತೋರಿಸುವ ಪ್ಯಾರಾಸೇಲಿಂಗ್ ಸಾಮಾನ್ಯವಾಗಿ ಈ ಎರಡನೆಯದು. ಆದರೂ ಮಗನಿಂದ ಒಂದು ಸಲ ಕೇಳಿಸಿ ಖಾತ್ರಿ ಮಾಡಿಕೊಳ್ಳಿ.

ಮೂರು ವರ್ಷದ ಹಿಂದೆ ಗೋವಾದಲ್ಲಿ ನಾನು ಈ ವಿಂಚ್ ಬೋಟಿನಿಂದ ಮತ್ತೆ ಹಾರಿದೆ. ಬುದ್ಧಿ ಬರಲಿಲ್ಲವಾ ಅಂತ ನನ್ನ ಹೆಂಡತಿಯೂ ಕೇಳಿದಳು. ಬೇರೆಯವರ ಬೆವರಿನ ವಾಸನೆಯ ಒದ್ದೆ ಲೈಫ್ ಜಾಕೆಟ್, ತೊಡೆಯ ಕೆಳಗೆ ಅಗಲವಾದ ಪಟ್ಟಿ, ಎರಡು ಭುಜದ ಹತ್ತಿರ ಕಬ್ಬಿಣದ ಕೊಂಡಿ. ಕೊಂಡಿ ‘ಟಕ್’ ಅಂದಾಗ ಎದೆಯೂ ಒಮ್ಮೆ ‘ಟಕ್’ ಅಂದಿತು. ಏಳುವಾಗ ಒಂದು ಎಳೆತ, ಅಷ್ಟೆ. ಐವತ್ತು ಅಡಿ ಹೋದ ಮೇಲೆ ಒಂದು ಸಂಗತಿ ಆಗುತ್ತದೆ. ಅದನ್ನು ನನಗೆ ಯಾರೂ ಹೇಳಿರಲಿಲ್ಲ. ಬೋಟಿನ ಸದ್ದು ನಿಂತುಹೋಗುತ್ತದೆ! ಎಂಜಿನ್, ಹಾಡು, ಕೂಗಾಟ ಎಲ್ಲ ಕೆಳಗೇ ಉಳಿಯುತ್ತದೆ. ಪಕ್ಕದವರು ಪಿಸುಗುಟ್ಟಿದರೂ ಕೇಳಿಸುತ್ತದೆ. ಮೀನಿನ ದೋಣಿಗಳು ಹೊಸ್ತಿಲ ಹೊರಗೆ ಬಿಟ್ಟ ಚಪ್ಪಲಿಯ ಹಾಗೆ ಕಾಣುತ್ತವೆ. ಜೋಕಾಲಿಯಲ್ಲಿ ಕೂತು ಕಾಲು ಇಳಿಬಿಟ್ಟ ಹಾಗೆ ಇರುತ್ತದೆ, ಆದರೆ ತೂಗುವುದಿಲ್ಲ. ನಿಮ್ಮ ಆಸೆ ಇದೇ ಆಗಿದ್ದರೆ, ಅದು ಸುಳ್ಳು ಆಸೆಯಲ್ಲ.

ಇನ್ನು ಹಗ್ಗ ತುಂಡಾದರೆ? ನಿಮ್ಮ ಯಜಮಾನರು ಇದನ್ನೇ ಕೇಳುತ್ತಿರಬೇಕು. ತುಂಡಾಗುವುದುಂಟು. 2021ರ ನವೆಂಬರ್‌ನಲ್ಲಿ ದಿಯುವಿನ ನಾಗೋವಾ ಬೀಚಿನಲ್ಲಿ ಗಂಡ-ಹೆಂಡತಿ ಹಾರುತ್ತಿದ್ದಾಗಲೇ ಹಗ್ಗ ಕಡಿದುಹೋದ ವಿಡಿಯೋ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಅವರು ಕಲ್ಲಿನ ಹಾಗೆ ಬೀಳಲಿಲ್ಲ. ತಲೆಯ ಮೇಲೆ ಛತ್ರಿ ಇರುವುದರಿಂದ ತೇಲಿಕೊಂಡು ಸಮುದ್ರಕ್ಕೆ ಇಳಿದರು, ಲೈಫ್ ಜಾಕೆಟ್ ಇತ್ತು, ಬದುಕಿದರು. ಗಾಳಿ ಜೋರಾಗಿದ್ದಾಗ ಮಾತ್ರ ಕಥೆ ಬೇರೆ. 2013ರಲ್ಲಿ ಫ್ಲಾರಿಡಾದ ಪನಾಮಾ ಸಿಟಿ ಬೀಚಿನಲ್ಲಿ ಹಗ್ಗ ಕಡಿದಾಗ ಇಬ್ಬರು ಹುಡುಗಿಯರನ್ನು ಗಾಳಿ ದಡದ ಮೇಲಕ್ಕೆ ಒಯ್ದು ಬಹುಮಹಡಿ ಕಟ್ಟಡಕ್ಕೆ ಬಡಿಯಿತು. ಜೀವ ಉಳಿಯಿತು, ಪೆಟ್ಟು ಮಾತ್ರ ಭಾರಿ. ಅದಕ್ಕೆ ಒಂದು ವರ್ಷ ಮೊದಲು ಅದೇ ರಾಜ್ಯದ ಪಾಂಪನೋ ಬೀಚಿನಲ್ಲಿ ದೇಹಕ್ಕೆ ಕಟ್ಟಿದ ಪಟ್ಟಿಯೇ ಕೈಕೊಟ್ಟು ಒಬ್ಬ ಹೆಂಗಸು ಬಿದ್ದು ಸತ್ತಳು.

ಇವುಗಳ ನಂತರ 2014ರಲ್ಲಿ ಫ್ಲಾರಿಡಾ ಒಂದು ಕಾನೂನು ಮಾಡಿತು. ಒಂದೇ ಸಮನೆ ಬೀಸುವ ಗಾಳಿ ಗಂಟೆಗೆ 20 ಮೈಲಿ, ಅಂದರೆ 32 ಕಿ.ಮೀ. ದಾಟಿದರೆ ಹಾರಿಸುವಂತಿಲ್ಲ. ನಡುವೆ ಬರುವ ರಭಸದ ಗಾಳಿ 25 ಮೈಲಿ ದಾಟಿದರೂ ಇಲ್ಲ. 7 ಮೈಲಿ ಒಳಗೆ ಗುಡುಗು ಸಿಡಿಲಿದ್ದರೂ ಇಲ್ಲ. ಬೋಟಿನವರಿಗೆ ವಿಮೆಯೂ ಕಡ್ಡಾಯ. ಆದರೆ ಟೀಚರ್, ಇದು ಫ್ಲಾರಿಡಾದ ಕಾನೂನು. ನೀವು ಹಾರುವುದು ಬಹಾಮಾಸ್‌ನಲ್ಲಿ, ಅದು ಬೇರೆ ದೇಶ. ಕಾನೂನು ಅಲ್ಲಿಗೆ ಬರುವುದಿಲ್ಲ. ಆ ಅಳತೆಗೋಲನ್ನು ನೀವು ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗಬಹುದು, ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ.

ಗಾಳಿಗೆ ಇಷ್ಟೊಂದು ಯಾಕೆ ಹೆದರಬೇಕು? ಗಾಳಿಯ ವೇಗ ಎರಡು ಪಟ್ಟಾದರೆ ಛತ್ರಿಯ ಎಳೆತ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ಜುಲೈ ತಿಂಗಳಲ್ಲಿ ಕೊಡೆ ಹಿಡಿದು ಸ್ಕೂಲಿಗೆ ಹೋದ ಸಾಗರದವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಉಪ್ಪು ನೀರು, ಬಿಸಿಲು, ಮರಳು ಸೇರಿ ಹಗ್ಗವನ್ನು ದಿನವೂ ಸವೆಸುತ್ತವೆ. ಗಂಟು ಹಾಕಿದ ಜಾಗದಲ್ಲಿ ಯಾವ ಹಗ್ಗವಾದರೂ ಬಲ ಕಳೆದುಕೊಳ್ಳುತ್ತದೆ. ಎಂದಿನ ಗಾಳಿಯನ್ನು ಅಂಥ ಹಗ್ಗ ಹೇಗೋ ತಡೆದುಕೊಳ್ಳಬಹುದು. ಜೋರು ಗಾಳಿ ಬಂದಾಗಲೇ ಅದರ ಬಂಡವಾಳ ಬಯಲಾಗುವುದು.

ಅಳೆಯಲು ಯಂತ್ರ ಬೇಕಿಲ್ಲ. ಬೆಳಿಗ್ಗೆ ಹಡಗಿನ ಮೇಲಿಂದ ಸಮುದ್ರ ನೋಡಿ. ಎಲ್ಲಿ ನೋಡಿದರೂ ಅಲೆಯ ತಲೆಯ ಮೇಲೆ ಬಿಳಿ ನೊರೆ ಒಡೆಯುತ್ತಿದ್ದರೆ, ದಡದ ಸಣ್ಣ ಮರಗಳು ಓಲಾಡುತ್ತಿದ್ದರೆ, ಗಾಳಿ 30 ಕಿ.ಮೀ. ಆಸುಪಾಸು ಇದೆ ಅಂತ ಲೆಕ್ಕ. ಆವತ್ತು ಬೇಡ. ಅಲ್ಲಲ್ಲಿ ಒಂದೊಂದು ನೊರೆ ಕಂಡರೆ ಪರವಾಗಿಲ್ಲ. ಇನ್ನೊಂದು ಮಾತು, ನೀವು ಹೋಗುವುದು ಜೂನ್‌ನಲ್ಲಿ. ಅಟ್ಲಾಂಟಿಕ್‌ನ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಚಂಡಮಾರುತ ಬಂದರೆ ಹಡಗೇ ದಾರಿ ಬದಲಿಸುತ್ತದೆ, ಆ ಚಿಂತೆ ನಿಮಗೆ ಬೇಡ. ಬೇಸಿಗೆಯಲ್ಲಿ ಅಲ್ಲಿ ಮಧ್ಯಾಹ್ನದ ಮೇಲೆ ದಿಢೀರನೆ ಗುಡುಗು ಮಳೆ ಬರುವುದು ಮಾಮೂಲು. ಅದಕ್ಕೆ ಬೆಳಗಿನ ಮೊದಲ ಸರದಿಯನ್ನೇ ಹಿಡಿಯಲು ಮಗನಿಗೆ ಹೇಳಿ.

ಬಿ.ಪಿ. ವಿಷಯದಲ್ಲಿ ನಾನು ಡಾಕ್ಟರಲ್ಲ. ಸಾಗರದಲ್ಲಿ ನಿಮ್ಮನ್ನು ಹತ್ತಾರು ವರ್ಷದಿಂದ ನೋಡುವ ಡಾಕ್ಟರ್ ಇರುತ್ತಾರಲ್ಲ, ಹೊರಡುವ ಮೊದಲೇ ಅವರನ್ನು ಕೇಳಿ. ಅಮೆರಿಕದಲ್ಲಿ ಇದೇ ಪ್ರಶ್ನೆ ಕೇಳಲು ಕೊಡುವ ಫೀಸಿಗೆ ಇಲ್ಲಿ ಒಂದು ವರ್ಷದ ಮಾತ್ರೆ ಬರುತ್ತದೆ. ಬಿ.ಪಿ. ಹಿಡಿತದಲ್ಲಿದೆಯಾ ಅನ್ನುವುದರ ಜೊತೆಗೆ ಬೆನ್ನು ಮತ್ತು ಮೂಳೆ ಹೇಗಿದೆ ಅಂತಲೂ ಕೇಳಿ. ಹೃದಯದ ತೊಂದರೆ, ಬೆನ್ನುಮೂಳೆಯ ತೊಂದರೆ, ಇತ್ತೀಚೆಗೆ ಆಪರೇಷನ್ ಆದವರು ಇದಕ್ಕೆ ಹೋಗಬಾರದು. ಡಾಕ್ಟರ್ ಬೇಡ ಅಂದರೆ ಅಲ್ಲಿಗೆ ಮುಗಿಯಿತು, ಈ ಉತ್ತರದ ಉಳಿದ ಭಾಗ ಸುಮ್ನೆ ಓದಿಕೊಳ್ಳಿ. ಹೂಂ ಅಂದರೆ, ಆವತ್ತು ಬೆಳಗಿನ ಮಾತ್ರೆ ತಪ್ಪಿಸಬೇಡಿ.

ಈಜು ಬರದಿರುವುದು ದೊಡ್ಡ ಅಡ್ಡಿಯಲ್ಲ, ಲೈಫ್ ಜಾಕೆಟ್ ತೇಲಿಸುತ್ತದೆ. ಅದು ಮೈಗೆ ಬಿಗಿಯಾಗಿ ಕೂತಿದೆಯಾ ಅಂತ ಎರಡು ಭುಜ ಹಿಡಿದು ಮೇಲಕ್ಕೆ ಎಳೆಯಲು ಸೊಸೆಗೆ ಹೇಳಿ. ಗಲ್ಲಕ್ಕೆ ಬಂತೋ, ಬೇರೆ ಸೈಜು ಕೇಳಿ. ಕೆಲವು ಬೋಟಿನವರು ತಮಾಷೆಗೆ ಬೋಟು ನಿಧಾನ ಮಾಡಿ ಕಾಲು ನೀರಿಗೆ ತಾಗಿಸುತ್ತಾರೆ. ಬೇಡವಾದರೆ ಏಳುವ ಮೊದಲೇ ಹೇಳಬೇಕು. ಮೇಲಿಂದ ಕೂಗಿದರೆ ಅವರಿಗೆ ಕೇಳಿಸುವುದಿಲ್ಲ.

ಸೀರೆ ಆಗುವುದಿಲ್ಲ. ತೊಡೆಯ ಕೆಳಗೆ ಪಟ್ಟಿ ಬರುತ್ತದಲ್ಲ. ಚೂಡಿದಾರ ಸಾಕು, ದುಪಟ್ಟಾ ಹಡಗಿನಲ್ಲೇ ಇರಲಿ. ಸರ, ಬಳೆ ರೂಮಿನ ಲಾಕರಿನಲ್ಲಿಡಿ. ತಾಳಿ ತೆಗೆಯಲು ಮನಸ್ಸಿಲ್ಲದಿದ್ದರೆ ಜಾಕೆಟ್ಟಿನ ಒಳಗೆ ಸೇರಿಸಿ. ಕನ್ನಡಕಕ್ಕೆ ದಾರ ಕಟ್ಟಿ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ.

ವಿಮೆಯ ಕಾಗದ ಮಾತ್ರ ಮಗ ಒಂದು ಸಲ ಪೂರ್ತಿ ಓದಲೇಬೇಕು. ಅಪ್ಪ-ಅಮ್ಮನಿಗೆ ಅಂತ ಕೊಳ್ಳುವ ಪ್ರವಾಸಿ ವಿಮೆಗಳಲ್ಲಿ ಎಷ್ಟೋ ಇಂಥ ಸಾಹಸದ ಆಟಕ್ಕೆ ಪೈಸೆ ಕೊಡುವುದಿಲ್ಲ. ಕೆಲವು ಅಮೆರಿಕದ ಗಡಿ ದಾಟಿದರೇ ಕೊಡುವುದಿಲ್ಲ. ಬೋಟು ಹತ್ತುವ ಮೊದಲು ಒಂದು ಫಾರಂಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಏನೇ ಆದರೂ ಜವಾಬ್ದಾರಿ ನಿಮ್ಮದೇ ಅಂತ ಅದರ ಸಾರ. ವರ್ಷಗಟ್ಟಲೆ ಮಕ್ಕಳಿಗೆ ‘ಓದಿ ಸಹಿ ಹಾಕಿಸಿಕೊಂಡು ಬಾ’ ಅಂದವರು ನೀವು. ಅಲ್ಲಿ ಅವಸರ ಮಾಡಿದರೂ ಓದಿಯೇ ಹಾಕಿ. ಸಹಿ ಹಾಕುವಾಗಲೇ ಬೋಟಿನವರನ್ನು ಕೇಳಿ, ಹಗ್ಗ ಯಾವಾಗ ಬದಲಾಯಿಸಿದಿರಿ ಅಂತ. ತಟ್ಟನೆ ತಾರೀಕು ಹೇಳಿದರೆ ಒಳ್ಳೆಯ ಲಕ್ಷಣ. ನಕ್ಕು ಬೆನ್ನು ತಟ್ಟಿದರೆ ಎದ್ದು ಬನ್ನಿ.

ಹೀಗೆ ಎದ್ದು ಬರುವುದನ್ನು ಮಗನ ಹತ್ತಿರ ಈಗಲೇ ಮಾತಾಡಿಕೊಳ್ಳಿ. ‘ಬುಕ್ಕಿಂಗ್ ಇರಲಿ. ಆವತ್ತು ಗಾಳಿ ನೋಡಿ, ಬೋಟು ನೋಡಿ, ನನ್ನ ಮನಸ್ಸು ನೋಡಿ ಹೇಳುತ್ತೇನೆ. ಕೊಂಡಿ ಹಾಕಿದ ಮೇಲೂ ಬೇಡ ಅಂದರೆ ಬೇಡ. ಆಮೇಲೆ ಯಾರೂ ಗೊಣಗಬಾರದು.’ ಇಷ್ಟು ಹೇಳಿದರೆ ನಿಮಗೆ ನಿದ್ದೆ ಬರುತ್ತದೆ ಅಂತ ನನ್ನ ನಂಬಿಕೆ. ಗಾಳಿಯಿಂದ ಅವರೇ ರದ್ದು ಮಾಡಿದರೆ ಹಡಗಿನ ಮೂಲಕ ಬುಕ್ ಮಾಡಿದ ದುಡ್ಡು ವಾಪಸ್ ಬರುತ್ತದೆ. ನೀವಾಗಿ ಬೇಡ ಅನ್ನಲು ಒಂದು ಗಡುವು ಇರುತ್ತದೆ, ಮಗ ನೋಡಿಕೊಳ್ಳಲಿ. ಗಡುವು ದಾಟಿದ ಮೇಲೆ ಮನಸ್ಸು ಬದಲಾದರೆ ದುಡ್ಡು ಹೋಯಿತು, ಹೋಗಲಿ.

ಅಲ್ಲಿ ಇನ್ನೊಂದು ದಾರಿಯೂ ಇದೆ. ಅದೇ ಕೋಕೋಕೇ ದ್ವೀಪದಲ್ಲಿ 2019ರಿಂದ ಒಂದು ದೊಡ್ಡ ಹೀಲಿಯಂ ಬಲೂನು ಇಟ್ಟಿದ್ದಾರೆ. ಹಗ್ಗ ಕಟ್ಟಿದ ಬಲೂನು. ಅದರ ಕೆಳಗಿನ ಕಟಕಟೆಯಲ್ಲಿ ನಿಂತುಕೊಂಡರೆ 450 ಅಡಿ ಮೇಲಕ್ಕೆ ಕರೆದುಕೊಂಡು ಹೋಗಿ ಇಳಿಸುತ್ತದೆ. ಸಮುದ್ರ ಅಲ್ಲಿಂದಲೂ ಅಷ್ಟೇ ನೀಲಿ. ಕಾಲ ಕೆಳಗೆ ನೆಲ ಇರುತ್ತದೆ, ಮೈ ಒದ್ದೆಯಾಗುವುದಿಲ್ಲ, ಸೀರೆಯೂ ನಡೆಯುತ್ತದೆ. ಗಾಳಿ ಜಾಸ್ತಿಯಾದರೆ ಇದನ್ನೂ ನಿಲ್ಲಿಸುತ್ತಾರೆ. ಈಗಲೂ ನಡೆಯುತ್ತಿದೆಯಾ ಅಂತ ಮಗ ಒಂದು ಸಲ ವಿಚಾರಿಸಲಿ. ನಿಮ್ಮ ಆಸೆ ಎತ್ತರದ್ದಾದರೆ ಇದು ಸಾಕು. ತೇಲುವುದರದ್ದಾದರೆ ಸಾಲದು. ಯಾವುದು ಅಂತ ನಿಮಗೇ ಗೊತ್ತು.

ನಾನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಕೇಳುತ್ತೀರಿ. ಡಾಕ್ಟರ್ ಹೂಂ ಅಂದು, ಬೆಳಗಿನ ಸಮುದ್ರ ಸುಮ್ಮನಿದ್ದರೆ, ಹೋಗುತ್ತಿದ್ದೆ. ಹಾರುವುದು ಹತ್ತು ನಿಮಿಷ. ಅದಕ್ಕಾಗಿ ಬೋಟಿನಲ್ಲಿ ಸುಮಾರು ಒಂದು ಗಂಟೆ ಕೂರಬೇಕು, ಬೇರೆಯವರ ಸರದಿಯೆಲ್ಲ ಮುಗಿಯಬೇಕಲ್ಲ. ಹೆದರಿಕೆಗಿಂತ ಹೆಚ್ಚು ಜನರನ್ನು ಕೆಡವುವುದು ಆ ಒಂದು ಗಂಟೆ. ದೊಡ್ಡ ಹಡಗಿನಲ್ಲಿ ಏನೂ ಆಗದವರು ಆ ಸಣ್ಣ ಬೋಟಿನಲ್ಲಿ ಬಕೆಟ್ ಕೇಳುತ್ತಾರೆ.

ಹಾರದೆ ಸುಮ್ನೆ ಬೋಟಿನಲ್ಲಿ ಕೂತು ನೋಡುವವರಿಗೂ ಸಾಮಾನ್ಯವಾಗಿ ಕಡಿಮೆ ದುಡ್ಡಿಗೆ ಟಿಕೆಟ್ ಸಿಗುತ್ತದೆ. ಯಜಮಾನರಿಗೆ ಒಂದು ತೆಗೆಸಿ. ‘ಈ ವಯಸ್ಸಿಗೆ ಬೇಕಾ’ ಅಂತ ಮನೆಯಲ್ಲಿ ಕೂತು ಕೇಳುವ ಬದಲು ಕತ್ತು ಎತ್ತಿ ನಿಮ್ಮನ್ನೇ ನೋಡುತ್ತಾ ಕೂರಲಿ. ವಾಂತಿಯಾಗದ ಹಾಗೆ ಒಂದು ಮಾತ್ರೆಯನ್ನು ಡಾಕ್ಟರ್ ಹತ್ತಿರ ಈಗಲೇ ಬರೆಸಿಕೊಳ್ಳಿ. ನಿಮಗಲ್ಲ, ಅವರಿಗೆ.

– ಸಂ.