ಲಾರೆಲ್–ಹಾರ್ಡಿ ಇಷ್ಟೊಂದು ನಿಧಾನ, ಆದರೂ ಅಪ್ಪನಿಗೆ ಯಾಕೆ ಅಷ್ಟು ನಗು?

ನಿಮ್ಮ ಪ್ರಶ್ನೆ ಓದಿ ನನಗೇ ನಗು ಬಂತು. ಮೊಬೈಲಿನಲ್ಲಿ ಹಾಲಿವುಡ್ಡಿನ ಹಳೇ ಹಾಸ್ಯ ಜೋಡಿ ಲಾರೆಲ್–ಹಾರ್ಡಿಯ ಸಿನಿಮಾ ಹಾಕಿದಿರಿ, ಹತ್ತು ನಿಮಿಷಕ್ಕೆ ನಿಮಗೆ ಆಕಳಿಕೆ ಬಂತು, ಪಕ್ಕದಲ್ಲಿ ಕೂತಿದ್ದ ಅಪ್ಪ ಮಾತ್ರ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಗುತ್ತಿದ್ದರು. ‘ತೊಂಬತ್ತು ವರ್ಷ ಹಳೇದು, ಕಪ್ಪು ಬಿಳುಪು, ಆಮೆ ಥರ ನಿಧಾನ. ಅಂಥದ್ದೇನಿದೆ ಅದರಲ್ಲಿ?’ ಅಂತ ಕೇಳಿದ್ದೀರಿ.

ಅಪ್ಪ ನಗುತ್ತಿರುವುದು ಆ ನಿಧಾನಕ್ಕೇ ಕಣ್ರೀ.

ನಾನು ಸಿನಿಮಾ ಓದಿಕೊಂಡವನಲ್ಲ. 1988ರಿಂದ ಹದಿಮೂರು ವರ್ಷ ಹನುಮಂತನಗರದಲ್ಲಿ ಒಂದು ವಿಡಿಯೊ ಕ್ಯಾಸೆಟ್ ಲೈಬ್ರರಿ ಇಟ್ಟುಕೊಂಡಿದ್ದೆ. ಹತ್ತಡಿ ಅಗಲದ ಅಂಗಡಿ. ‘ದಯವಿಟ್ಟು ರಿವೈಂಡ್ ಮಾಡಿ ಕೊಡಿ’ ಅಂತ ಕೆಂಪು ಅಕ್ಷರದಲ್ಲಿ ಬೋರ್ಡು ಬರೆಸಿದ್ದೆ, ಒಬ್ಬರೂ ಮಾಡುತ್ತಿರಲಿಲ್ಲ. ರಾತ್ರಿ ಅಂಗಡಿ ಮುಚ್ಚುವ ಮುಂಚೆ ನಾನೇ ಕೂತು ಒಂದೊಂದೇ ಕ್ಯಾಸೆಟ್ ಹಿಂದಕ್ಕೆ ಸುತ್ತಬೇಕು, ಟೇಪ್ ಹಾಳಾಗಿದೆಯಾ ಅಂತ ಹಾಕಿ ನೋಡಬೇಕು. ಒಂದೇ ಜಾಗವನ್ನು ಜನ ಮತ್ತೆ ಮತ್ತೆ ಹಿಂದಕ್ಕೆ ಓಡಿಸಿ, ಪಾಸ್ ಬಟನ್ ಒತ್ತಿ ನಿಲ್ಲಿಸಿ ನೋಡಿದರೆ ಅಲ್ಲಿ ಟೇಪ್ ಸವೆಯುತ್ತದೆ. ಟಿವಿಯಲ್ಲಿ ಬಿಳಿ ಗೆರೆಗಳು ಕಾಣಿಸುತ್ತವೆ. ಹಾಗಾಗಿ ಯಾವ ಸಿನಿಮಾದಲ್ಲಿ ಜನಕ್ಕೆ ಯಾವ ಜಾಗ ಇಷ್ಟ ಅನ್ನೋದು ನನಗೆ ಗೆರೆ ನೋಡಿಯೇ ಗೊತ್ತಾಗುತ್ತಿತ್ತು.

ಫೈಟಿಂಗ್ ಸಿನಿಮಾದಲ್ಲಿ ಗೆರೆ ಇರುತ್ತಿದ್ದದ್ದು ಹೊಡೆತ ಬೀಳುವ ಕಡೆ. ಹಾಡಿನ ಸಿನಿಮಾದಲ್ಲಿ ಹಾಡಿನ ಮೇಲೆ. ಇನ್ನು ಕೆಲವು ಕ್ಯಾಸೆಟ್‌ಗಳಲ್ಲಿ ಎಲ್ಲಿರುತ್ತಿತ್ತು ಅಂತ ಇಲ್ಲಿ ಬರೆಯುವುದು ಬೇಡ. ಲಾರೆಲ್–ಹಾರ್ಡಿ ಕ್ಯಾಸೆಟ್ಟಿನಲ್ಲಿ ಮಾತ್ರ ದಪ್ಪನೋನು, ಅಂದರೆ ಹಾರ್ಡಿ, ದಬಕ್ ಅಂತ ಬೀಳುವ ಕಡೆ ಗೆರೆ ಇರುತ್ತಿರಲಿಲ್ಲ. ಅದಕ್ಕೆ ಸ್ವಲ್ಪ ಮುಂಚೆ ಇರುತ್ತಿತ್ತು. ಇಲ್ಲಾಂದ್ರೆ ಬಿದ್ದಾದ ಮೇಲೆ, ಅವನು ನಿಧಾನಕ್ಕೆ ತಲೆ ತಿರುಗಿಸಿ ನಮ್ಮನ್ನು ನೋಡುವ ಕಡೆ. ಮೊದಮೊದಲು ನಾನು ಇದನ್ನು ಗಮನಿಸಿರಲಿಲ್ಲ. ಎರಡು ಮೂರು ಕ್ಯಾಸೆಟ್ ಸವೆದ ಮೇಲೆ ತಲೆಗೆ ಹೋಯಿತು: ಜನ ಬೀಳುವುದನ್ನು ನೋಡಲು ರಿವೈಂಡ್ ಮಾಡುತ್ತಿಲ್ಲ, ಈಗ ಬೀಳ್ತಾನೆ ಅನ್ನೋದನ್ನು ನೋಡಲು ಮಾಡುತ್ತಿದ್ದಾರೆ.

ಅವರ ಸಿನಿಮಾದಲ್ಲಿ ಏನಾಗುತ್ತದೆ ಅನ್ನೋದನ್ನು ಯಾವತ್ತೂ ಮುಚ್ಚಿಡುವುದಿಲ್ಲ. ನೆಲದ ಮೇಲೆ ಒಂದು ಬಕೆಟ್ ಇದ್ದರೆ ಅದನ್ನು ನಮಗೆ ಮೊದಲೇ ತೋರಿಸುತ್ತಾರೆ. ಹಾರ್ಡಿ ಟೋಪಿ ಸರಿಮಾಡಿಕೊಂಡು, ದೊಡ್ಡ ಮನುಷ್ಯನ ಗತ್ತಿನಲ್ಲಿ ಅದೇ ದಾರಿಯಲ್ಲಿ ಬರುತ್ತಾನೆ. ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಅವನು ಬರುವ ಅಷ್ಟು ಹೊತ್ತೂ ನಮ್ಮ ಹೊಟ್ಟೆಯಲ್ಲಿ ನಗು ಉಬ್ಬುತ್ತಾ ಇರುತ್ತದೆ. ಬಿದ್ದ ಮೇಲೆ ಅವನು ಕೂಗಾಡುವುದಿಲ್ಲ. ಕ್ಯಾಮೆರಾ ಕಡೆ ತಿರುಗಿ, ‘ನೋಡಿದ್ರಾ ನನ್ನ ಹಣೆಬರಹ’ ಅನ್ನುವ ಹಾಗೆ ನಮ್ಮ ಕಡೆ ಒಂದು ನೋಟ ಬೀರುತ್ತಾನೆ. ಲಾರೆಲ್ ಪಕ್ಕದಲ್ಲಿ ನಿಂತು ತಲೆ ಕೆರೆದುಕೊಳ್ಳುತ್ತಾನೆ. ಇಲ್ಲವೇ ಬೈಸಿಕೊಂಡ ಮಗುವಿನ ಹಾಗೆ ಮುಖ ಕಿವುಚಿ ಅಳುತ್ತಾನೆ.

ಆ ನೋಟ ಸುಮ್ನೆ ಬಂದದ್ದಲ್ಲ. ಸಿನಿಮಾ ಬಿಡುಗಡೆ ಮಾಡುವ ಮುಂಚೆ ಅವರು ಒಂದು ಥಿಯೇಟರಿನಲ್ಲಿ ಜನಕ್ಕೆ ಹಾಕಿ ತೋರಿಸುತ್ತಿದ್ದರು. ಎಲ್ಲಿ ನಗುತ್ತಾರೆ, ಎಷ್ಟು ಹೊತ್ತು ನಗುತ್ತಾರೆ ಅಂತ ನೋಡಿಕೊಂಡು ಬಂದು ಮತ್ತೆ ಎಡಿಟಿಂಗಿಗೆ ಕೂರುತ್ತಿದ್ದರು. ನಗು ಜೋರಾಗಿರುವ ಕಡೆ ಮುಂದಿನ ಮಾತು ಮುಳುಗಿ ಹೋಗಬಾರದಲ್ಲ, ಅದಕ್ಕೆ ಹಾರ್ಡಿಯ ಆ ನೋಟವನ್ನು ಅಲ್ಲಿ ಉದ್ದ ಎಳೆದು ಇಡುತ್ತಿದ್ದರು. ನಿಮಗೆ ಮೊಬೈಲಿನಲ್ಲಿ ‘ಯಾಕೆ ಸುಮ್ನೆ ನಿಂತಿದ್ದಾನೆ ಇವನು’ ಅನಿಸಿದ ಜಾಗ ಇದೆಯಲ್ಲ, ಅದು ನೂರಾರು ಜನ ಒಟ್ಟಿಗೆ ನಗಲಿ ಅಂತ ಬಿಟ್ಟ ಜಾಗ. ಇಯರ್‌ಫೋನ್ ಹಾಕಿಕೊಂಡು ಒಬ್ಬರೇ ನೋಡಿದರೆ ಅದು ಖಾಲಿ ಖಾಲಿಯಾಗಿಯೇ ಕಾಣುತ್ತದೆ.

ಈ ಎಡಿಟಿಂಗಿಗೆ ಕೂರುತ್ತಿದ್ದವನು ಯಾರು ಗೊತ್ತಾ? ಪೆದ್ದ. ತೆರೆಯ ಮೇಲೆ ಏನೂ ತಿಳಿಯದ ಸ್ಟ್ಯಾನ್ ಲಾರೆಲ್ಲೇ ಹೊರಗೆ ಇಡೀ ಸಿನಿಮಾದ ಮೆದುಳು. ತಮಾಷೆ ಹೆಣೆಯುವುದು, ನಿರ್ದೇಶಕರ ಜೊತೆ ಕೂರುವುದು, ಕತ್ತರಿಸುವುದು ಎಲ್ಲದರಲ್ಲೂ ಅವನ ಕೈ. ಸಂಬಳವೂ ಹಾರ್ಡಿಗಿಂತ ಹೆಚ್ಚು. ತೆರೆಯ ಮೇಲೆ ಯಜಮಾನಿಕೆ ಮಾಡುವ ಆಲಿವರ್ ಹಾರ್ಡಿ ಶೂಟಿಂಗ್ ಮುಗಿದ ತಕ್ಷಣ ಗಾಲ್ಫ್ ಆಡಲು ಹೋಗುತ್ತಿದ್ದ. ಸಂಬಳ ಕಡಿಮೆ ಅಂತ ಅವನಿಗೆ ಬೇಜಾರೂ ಇರಲಿಲ್ಲ. ಲಾರೆಲ್ ಇಂಗ್ಲೆಂಡಿನವನು, 1890ರಲ್ಲಿ ಹುಟ್ಟಿದವನು, ನಾಟಕದವರ ಮನೆಯ ಹುಡುಗ. 1910ರಲ್ಲಿ ಫ್ರೆಡ್ ಕಾರ್ನೊ ಅನ್ನುವವನ ಹಾಸ್ಯ ನಾಟಕ ಕಂಪನಿಯ ಜೊತೆ ಅಮೆರಿಕಕ್ಕೆ ಹೋದಾಗ ಅದೇ ಕಂಪನಿಯಲ್ಲಿ ಚಾಪ್ಲಿನ್ ಇದ್ದ. ಚಾಪ್ಲಿನ್‌ಗೆ ಹುಷಾರಿಲ್ಲದಿದ್ದರೆ ಪಾತ್ರ ಮಾಡಲು ಸಿದ್ಧವಾಗಿರಬೇಕಾದವನು ಇವನೇ. ಹಾರ್ಡಿ ಅಮೆರಿಕದ ಜಾರ್ಜಿಯಾದವನು, ಹದಿಹರೆಯದಲ್ಲಿ ಒಂದು ಸಣ್ಣ ಊರಿನ ಟಾಕೀಸು ನೋಡಿಕೊಳ್ಳುತ್ತಿದ್ದ. ಟಿಕೆಟ್ ಹರಿಯುವುದು, ಪ್ರೊಜೆಕ್ಟರ್ ತಿರುಗಿಸುವುದು, ಕಸ ಗುಡಿಸುವುದು ಎಲ್ಲಾ ಅವನದೇ. ದಿನವಿಡೀ ಸಿನಿಮಾ ನೋಡಿ ನೋಡಿ, ಇಷ್ಟನ್ನು ನಾನೂ ಮಾಡಬಲ್ಲೆ ಅಂತ ಹೊರಟುಬಿಟ್ಟ. ನಾನೂ ಅದೇ ಕೆಲಸದವನಲ್ವಾ, ಈ ಸಂಗತಿ ಗೊತ್ತಾದ ದಿನದಿಂದ ನನಗೆ ಹಾರ್ಡಿ ಮೇಲೆ ಒಂದು ತೂಕ ಪ್ರೀತಿ ಜಾಸ್ತಿ. 1927ರ ಹೊತ್ತಿಗೆ ಹ್ಯಾಲ್ ರೋಚ್ ಸ್ಟುಡಿಯೊ ಇಬ್ಬರನ್ನೂ ಜೋಡಿ ಮಾಡಿತು. ಆಮೇಲೆ ನೂರಕ್ಕೂ ಹೆಚ್ಚು ಸಿನಿಮಾ.

ಈಗ ಅವರ ಒಂದು ಪಿಯಾನೊ ಸಿನಿಮಾದ ವಿಷಯಕ್ಕೆ ಬರುತ್ತೇನೆ. 1932ರ ‘ದಿ ಮ್ಯೂಸಿಕ್ ಬಾಕ್ಸ್’. ಅರ್ಧ ಗಂಟೆಯ ಸಿನಿಮಾ. ಹಾಸ್ಯದ ಕಿರುಚಿತ್ರಕ್ಕೆ ಆಸ್ಕರ್ ಕೊಡಲು ಶುರು ಮಾಡಿದಾಗ ಮೊದಲು ಸಿಕ್ಕಿದ್ದು ಇದಕ್ಕೇ. ಕಥೆ ಒಂದು ಸಾಲಿನದು: ಇಬ್ಬರೂ ಒಂದು ಪಿಯಾನೊವನ್ನು ಉದ್ದದ ಮೆಟ್ಟಿಲು ಹತ್ತಿಸಿ ಮೇಲಿನ ಮನೆಗೆ ತಲುಪಿಸಬೇಕು. ಮನೆ ಎಲ್ಲಿ ಅಂತ ಕೆಳಗೆ ಒಬ್ಬ ಪೋಸ್ಟ್‌ಮ್ಯಾನ್‌ನನ್ನು ಕೇಳುತ್ತಾರೆ, ಅವನು ನೂರಕ್ಕೂ ಹೆಚ್ಚು ಮೆಟ್ಟಿಲುಗಳ ತುದಿಯನ್ನು ತೋರಿಸುತ್ತಾನೆ. ಹತ್ತಿಸುತ್ತಾರೆ, ಜಾರುತ್ತದೆ. ಮತ್ತೆ ಹತ್ತಿಸುತ್ತಾರೆ, ಮತ್ತೆ ಜಾರುತ್ತದೆ. ಪೆಟ್ಟಿಗೆಯೊಳಗಿರುವ ಪಿಯಾನೊ ಪ್ರತಿ ಮೆಟ್ಟಿಲಿಗೂ ಠಣ್ ಠಣ್ ಅನ್ನುತ್ತದೆ, ಅದಕ್ಕೂ ನೋವಾಗುತ್ತಿದೆಯೇನೋ ಅನ್ನುವ ಹಾಗೆ. ಕೊನೆಗೂ ಬೆವರು ಸುರಿಸಿ ತುದಿ ಮುಟ್ಟಿದಾಗ ಅದೇ ಪೋಸ್ಟ್‌ಮ್ಯಾನ್ ಬರುತ್ತಾನೆ. ಅಯ್ಯೋ, ಆ ಕಡೆಯಿಂದ ಗಾಡಿ ರಸ್ತೆ ಇದೆಯಲ್ಲ, ಮೆಟ್ಟಿಲು ಯಾಕೆ ಹತ್ತಿದಿರಿ ಅನ್ನುತ್ತಾನೆ.

ಬೇರೆ ಯಾರಾದರೂ ಆಗಿದ್ದರೆ ತಮಾಷೆ ಅಲ್ಲಿಗೆ ಮುಗಿಯುತ್ತಿತ್ತು. ಇವರು ‘ಹೌದಲ್ವಾ’ ಅಂದುಕೊಂಡು ಪಿಯಾನೊವನ್ನು ಮತ್ತೆ ಅಷ್ಟೂ ಮೆಟ್ಟಿಲು ಕೆಳಗಿಳಿಸಿ, ಗಾಡಿಗೇರಿಸಿ, ರಸ್ತೆಯಲ್ಲಿ ತರುತ್ತಾರೆ!

ನಮ್ಮ ಮನೆಯಲ್ಲಿ ಇದಕ್ಕೆ ಬೇರೆ ಬೆಲೆ ಇದೆ. 1993ರಲ್ಲಿ ನಮ್ಮ ಅಕ್ಕ ಗಿರಿನಗರದಲ್ಲಿ ಮೊದಲನೇ ಮಹಡಿಯ ಬಾಡಿಗೆ ಮನೆಗೆ ಹೋದಳು. ಭಾವ ‘ಕೂಲಿಯವರಿಗೆ ಯಾಕೆ ದುಡ್ಡು, ನಾವಿಬ್ಬರು ಸಾಲದಾ’ ಅಂದರು. ಕಬ್ಬಿಣದ ಬೀರು, ಎರಡೂವರೆ ಅಡಿ ಅಗಲದ ಮೆಟ್ಟಿಲು, ಮಧ್ಯದಲ್ಲಿ ಒಂದು ತಿರುವು. ಭಾವ ಮೇಲೆ, ನಾನು ಕೆಳಗೆ. ಮೇಲಿದ್ದವರ ಕೆಲಸ ಆರ್ಡರ್ ಕೊಡುವುದು, ಕೆಳಗಿದ್ದವನ ಕೆಲಸ ಭಾರ ಹೊರುವುದು. ತಿರುವಿನಲ್ಲಿ ಸಿಕ್ಕಿಕೊಂಡಿತು. ಅರ್ಧ ಗಂಟೆ ಆ ಕಡೆ ಈ ಕಡೆ ಓಲಾಡಿಸಿ, ಗೋಡೆಯ ಸುಣ್ಣವೆಲ್ಲ ಮೈಮೇಲೆ ಉದುರಿಸಿಕೊಂಡು ಮೇಲೆ ತಲುಪಿಸಿದೆವು. ಅಕ್ಕ ಬಂದು ಬೀಗ ತೆಗೆದು ನೋಡಿ, ‘ಅಯ್ಯೋ, ಹಿತ್ತಾಳೆ ಪಾತ್ರೆಯೆಲ್ಲ ಒಳಗೇ ಇದೆಯಲ್ಲೋ, ಖಾಲಿ ಮಾಡ್ಕೊಂಡು ತರಲಿಲ್ವಾ?’ ಅಂದಳು. ಭಾವ ಏನೂ ಮಾತಾಡಲಿಲ್ಲ. ನಿಧಾನಕ್ಕೆ ತಲೆ ತಿರುಗಿಸಿ ಗೋಡೆಯನ್ನು ನೋಡಿದರು. ಕ್ಯಾಮೆರಾ ಇರಲಿಲ್ಲ ನೋಡಿ, ಗೋಡೆಯೇ ಗತಿ. ನಾನು ಮೆಟ್ಟಿಲ ಮೇಲೆ ಕೂತು ಉಸಿರು ಕಟ್ಟುವಷ್ಟು ನಕ್ಕೆ. ಅವರು ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದರು.

ಭಾಷೆಯ ವಿಷಯಕ್ಕೂ ಒಂದು ಮಾತು. ನಮಗೂ ಒಂದು ಅಪ್ಪಟ ಜೋಡಿ ಇತ್ತು, ನರಸಿಂಹರಾಜು ಮತ್ತು ಬಾಲಕೃಷ್ಣ. ಇಬ್ಬರೂ ನಾಟಕ ಕಂಪನಿಯಿಂದ ಬಂದವರು. ಬಾಲಣ್ಣನಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ, ಎದುರಿನವರ ತುಟಿ ನೋಡಿಕೊಂಡು ಮಾತಿಗೆ ಮಾತು ಕೊಡುತ್ತಿದ್ದರು. ಆದರೂ ಅವರ ಟೈಮಿಂಗಿನಲ್ಲಿ ಒಂದು ಕೂದಲೆಳೆ ತಪ್ಪುತ್ತಿರಲಿಲ್ಲ. ಆದರೆ ಅವರ ತಮಾಷೆಯಲ್ಲಿ ಮುಕ್ಕಾಲು ಪಾಲು ಮಾತಿನಲ್ಲಿದೆ, ಕನ್ನಡ ಬಾರದವರಿಗೆ ಅದು ದಕ್ಕುವುದಿಲ್ಲ. ನನ್ನ ಅಂಗಡಿಗೆ ಕನ್ನಡದವರು, ತಮಿಳರು, ಉರ್ದು ಮಾತಾಡುವವರು, ಮಾರ್ವಾಡಿಗಳು ಎಲ್ಲರೂ ಬರುತ್ತಿದ್ದರು. ಈ ಎಲ್ಲರ ಖಾತೆಯಲ್ಲೂ ಬರೆದಿರುತ್ತಿದ್ದ ಒಂದೇ ಹೆಸರು ಲಾರೆಲ್–ಹಾರ್ಡಿ. ಅಂಗಡಿಯ ಟಿವಿಯಲ್ಲಿ ಹಾಕಿದರೆ ಎದುರಿನ ಬಸ್ ಸ್ಟಾಪಿನವರು ರಸ್ತೆ ದಾಟಿ ಬಂದು ನಿಲ್ಲುತ್ತಿದ್ದರು. ಬಸ್ಸುಗಳ ಗಲಾಟೆಯಲ್ಲಿ ಒಂದು ಮಾತೂ ಕೇಳುತ್ತಿರಲಿಲ್ಲ. ನಗುವುದಕ್ಕೆ ಅದೇನೂ ಅಡ್ಡಿಯಾಗಲಿಲ್ಲ. ಒಬ್ಬರು ಎರಡು ಬಸ್ ಬಿಟ್ಟದ್ದು ನನಗೆ ನೆನಪಿದೆ.

ಡಬ್ಬಿಂಗ್ ಇನ್ನೂ ಸರಿಯಾಗಿ ಬರದ ಕಾಲದಲ್ಲಿ ಅವರು ಅದೇ ಸಿನಿಮಾವನ್ನು ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಭಾಷೆಗಳಲ್ಲಿ ಮತ್ತೆ ಶೂಟ್ ಮಾಡುತ್ತಿದ್ದರು. ಇಬ್ಬರಿಗೂ ಆ ಭಾಷೆ ಬಾರದು. ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಸಿಕೊಂಡು, ಕ್ಯಾಮೆರಾದ ಆಚೆ ಹಿಡಿದ ಬೋರ್ಡು ಓದುತ್ತಿದ್ದರು. ನಮ್ಮ ಎಷ್ಟೋ ಕನ್ನಡ ಸಿನಿಮಾದ ನಾಯಕಿಯರು ಇದನ್ನು ಇವತ್ತಿಗೂ ಮಾಡುತ್ತಾರೆ, ಅದು ಬೇರೆ ಮಾತು.

ನಮ್ಮಮ್ಮನಿಗೆ ಇಂಗ್ಲಿಷ್‌ನಲ್ಲಿ ಬಸ್ಸು, ಟಿಕೆಟ್ಟು ಬಿಟ್ಟರೆ ಏನೂ ಗೊತ್ತಿರಲಿಲ್ಲ. ಊಟ ತಂದವಳು ಅಂಗಡಿಯ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು. ಲಾರೆಲ್ ಏನೋ ಎಡವಟ್ಟು ಮಾಡಿದರೆ ‘ಪಾಪ, ಅದಕ್ಕೇನು ಗೊತ್ತಾಗುತ್ತೆ’ ಅನ್ನುವಳು, ಮನೆಯ ಮಗುವಿನ ಬಗ್ಗೆ ಮಾತಾಡಿದ ಹಾಗೆ. ಹಾರ್ಡಿ ಮಾತ್ರ ಅವಳಿಗೆ ಥೇಟ್ ನಮ್ಮ ದೊಡ್ಡ ಮಾವ. ಕೈಯಲ್ಲಿ ಕಾಸಿಲ್ಲ, ಟೈ ಮಾತ್ರ ಬೇಕು ಅಂತ ನಗುವಳು. ಆ ಮಾತು ನಿಜ. ಇಬ್ಬರಿಗೂ ಕೆಲಸವಿಲ್ಲ, ದುಡ್ಡಿಲ್ಲ, ಆದರೆ ಹೋದಲ್ಲೆಲ್ಲ ಟೋಪಿ ತೆಗೆದು ನಮಸ್ಕಾರ ಹೇಳುತ್ತಾರೆ. ಬಾಗಿಲ ಹತ್ತಿರ ‘ನೀನು ಮೊದಲು’ ಅಂತ ಉಪಚಾರ ಬೇರೆ.

ಈ ಮರ್ಯಾದೆ ಜಗಳದಲ್ಲೂ ಇದೆ. 1929ರ ‘ಬಿಗ್ ಬಿಸಿನೆಸ್’ ಮೂಕಿ ಚಿತ್ರದಲ್ಲಿ ಇಬ್ಬರೂ ಮನೆ ಮನೆಗೆ ಕ್ರಿಸ್‌ಮಸ್ ಮರ ಮಾರಲು ಹೋಗುತ್ತಾರೆ. ಒಬ್ಬ ಬೇಡ ಅನ್ನುತ್ತಾನೆ, ಮರ ಬಾಗಿಲಿಗೆ ಸಿಕ್ಕಿಕೊಳ್ಳುತ್ತದೆ, ಮತ್ತೆ ಬೆಲ್ ಒತ್ತುತ್ತಾರೆ. ಅಲ್ಲಿಂದ ಶುರುವಾಗಿ ಇವರು ಅವನ ಮನೆಯನ್ನೂ ಅವನು ಇವರ ಕಾರನ್ನೂ ಪುಡಿ ಮಾಡುತ್ತಾರೆ. ಗಮನಿಸಿ ನೋಡಿ, ಜಗಳ ಏರುವಾಗ ಯಾರೂ ಯಾರನ್ನೂ ತಡೆಯುವುದಿಲ್ಲ. ಒಬ್ಬ ಮುರಿಯುತ್ತಿರುವಾಗ ಇನ್ನೊಬ್ಬ ಕೈಕಟ್ಟಿ ನಿಂತು ನೋಡುತ್ತಾನೆ, ಅವನದು ಮುಗಿದ ಮೇಲೆ ತನ್ನ ಸರದಿ. ಒಬ್ಬ ಪೊಲೀಸ್ ಬಂದು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾ ನಿಲ್ಲುತ್ತಾನೆ. ನಮ್ಮೂರ ಸಿಗ್ನಲ್ಲಿನಲ್ಲಿ ಗಾಡಿಗೆ ಗಾಡಿ ತಾಗಿದಾಗ ಇಷ್ಟು ಶಿಸ್ತು ನಾನು ಕಂಡಿಲ್ಲ.

ಎಲ್ಲವೂ ಚೆನ್ನಾಗಿದೆ ಅಂತ ನಾನು ಹೇಳುವುದಿಲ್ಲ. 1940ರಲ್ಲಿ ರೋಚ್ ಸ್ಟುಡಿಯೊ ಬಿಟ್ಟು ದೊಡ್ಡ ಕಂಪನಿಗಳಿಗೆ ಹೋದ ಮೇಲೆ ಲಾರೆಲ್ ಮಾತು ನಡೆಯಲಿಲ್ಲ. ಆಮೇಲಿನ ಸಿನಿಮಾಗಳಲ್ಲಿ ಅವರಿಬ್ಬರೂ ಇದ್ದಾರೆ, ಆ ನಿಧಾನ ಇಲ್ಲ. ಅವುಗಳ ಕ್ಯಾಸೆಟ್ ನನ್ನ ಹತ್ತಿರ ಹೊಸದಾಗಿಯೇ ಉಳಿದಿತ್ತು. ಒಂದು ಗೆರೆಯೂ ಬೀಳಲಿಲ್ಲ. ಬಣ್ಣ ಹಚ್ಚಿದ ಪ್ರತಿಗಳನ್ನೂ ನೋಡಬೇಡಿ, ಕ್ಲಿಪ್ ಕತ್ತರಿಸಿ ಹಾಕಿದ್ದನ್ನಂತೂ ಮುಟ್ಟಲೇಬೇಡಿ. ಬೀಳುವುದನ್ನು ಮಾತ್ರ ಇಟ್ಟು ಉಳಿದದ್ದನ್ನು ಕಿತ್ತು ಬಿಸಾಡಿರುತ್ತಾರೆ.

1957ರಲ್ಲಿ ಹಾರ್ಡಿ ತೀರಿಕೊಂಡ. ಲಾರೆಲ್ ಮತ್ತೆ ನಟಿಸಲಿಲ್ಲ, ಕರೆದವರಿಗೆಲ್ಲ ಆಗಲ್ಲ ಅಂದ. ಸಾಯುವವರೆಗೂ, ಅಂದರೆ 1965ರವರೆಗೆ, ಅವನ ನಂಬರ್ ಟೆಲಿಫೋನ್ ಡೈರೆಕ್ಟರಿಯಲ್ಲೇ ಇತ್ತು. ಯಾರು ಬೇಕಾದರೂ ಫೋನ್ ಮಾಡಬಹುದಿತ್ತು, ಜನ ಮಾಡುತ್ತಲೂ ಇದ್ದರು.

ನೀವು ಹೀಗೆ ಮಾಡಿ. ಭಾನುವಾರ ಊಟ ಆದ ಮೇಲೆ ಟಿವಿಯಲ್ಲಿ ಆ ಪಿಯಾನೊ ಸಿನಿಮಾ ಹಾಕಿ. ಮನೆಯವರೆಲ್ಲ ಕೂರಲಿ, ಪಕ್ಕದ ಮನೆಯ ಮಕ್ಕಳಿದ್ದರೆ ಅವರನ್ನೂ ಕರೆಯಿರಿ. ಪಿಯಾನೊ ಮೆಟ್ಟಿಲ ತುದಿ ಮುಟ್ಟಿ, ಪೋಸ್ಟ್‌ಮ್ಯಾನ್ ಇನ್ನೊಂದು ಸಲ ಬರುವ ಹೊತ್ತಿಗೆ ಟಿವಿ ನೋಡಬೇಡಿ, ಅಪ್ಪನನ್ನು ನೋಡಿ. ಅವನು ಬಾಯಿ ಬಿಡುವ ಮುಂಚೆಯೇ ಅವರು ಕನ್ನಡಕ ತೆಗೆದಿರುತ್ತಾರೆ.