ಏಂಜಲ್ ಶಾರ್ಕ್ ಗುರುತಿಸೋಕೆ ಮೊದಲು ಮೀಸೆ ನೋಡಿ

ಏಂಜಲ್ ಶಾರ್ಕ್ ಅಂದರೆ ಚಪ್ಪಟೆ ಮೈಯ ಶಾರ್ಕ್. ಮಾಮೂಲಿ ಏಂಜಲ್ ಶಾರ್ಕ್, ಸಾಬ್ಯಾಕ್ ಏಂಜಲ್ ಶಾರ್ಕ್ ಎರಡೂ ಫೋಟೋದಲ್ಲಿ ಒಂದೇ ಥರ ಕಾಣ್ತವೆ, ಗುರುತಿಸೋದು ಹೇಗೆ, ನಮ್ಮ ಕಡಲಲ್ಲೂ ಇವೆಯಾ ಅಂತ ಕೇಳಿದ್ದೀರಿ. ನಾನು ಕೊಪ್ಪಳದಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡ್ತೇನೆ. ಇವನ್ನು ನಾನೂ ಫೋಟೋ, ವಿಡಿಯೋದಲ್ಲೇ ನೋಡಿರೋದು. ಆದರೆ ನನಗೆ ತುಂಬಾ ಇಷ್ಟದ ಮೀನುಗಳಿವು.

ಎಲ್ಲರೂ ಹೇಳೋದು ಬೆನ್ನು ನೋಡಿ ಅಂತ. ಸರಿ, ಸಾಬ್ಯಾಕ್‌ನ ಬೆನ್ನ ನಡುವೆ ದೊಡ್ಡ ಮುಳ್ಳುಗಳ ಸಾಲು ಇರುತ್ತದೆ. ಆದರೆ ಮಾಮೂಲಿ ಜಾತಿಯ ಮರಿಗಳಿಗೂ ಅಲ್ಲೇ ಸಣ್ಣ ಮುಳ್ಳು ಇರಬಹುದು. ಅದಕ್ಕೇ ನಾನು ಮೊದಲು ಮೀಸೆ ನೋಡಿ ಅನ್ನೋದು. ಮುನಿರಾಬಾದ್ ಕಡೆ ತುಂಗಭದ್ರೆಯ ಬಾಳೆ ಮೀನು ನೋಡಿದ್ದರೆ ಮೀಸೆ ಅಂದರೇನು ಅಂತ ಗೊತ್ತೇ ಇರುತ್ತದೆ. ಇವುಗಳ ಮೀಸೆ ಅಷ್ಟು ಉದ್ದ ಅಲ್ಲ, ಮೂಗಿನ ಹೊಳ್ಳೆಯ ಹತ್ತಿರ ಗಿಡ್ಡಗಿರುತ್ತದೆ. ಮಾಮೂಲಿ ಜಾತಿಯಲ್ಲಿ ಅದು ಸರಳ, ತುದಿ ಸಣ್ಣ. ಸಾಬ್ಯಾಕ್‌ನಲ್ಲಿ ಸೀರೆ ಸೆರಗಿನ ಕುಚ್ಚಿನ ಹಾಗೆ ಎಳೆ ಎಳೆಯಾಗಿ ಬಿಟ್ಟಿರುತ್ತದೆ.

ಎಷ್ಟು ಆಳದಲ್ಲಿ ಸಿಕ್ಕಿತು ಅನ್ನೋದೂ ಸುಳಿವು. ಮಾಮೂಲಿ ಜಾತಿ ದಡದ ಹತ್ತಿರದಿಂದ ಸುಮಾರು 150 ಮೀಟರ್ ಆಳದವರೆಗೆ, ಸಾಬ್ಯಾಕ್ 500 ಮೀಟರ್‌ವರೆಗೂ ಇಳಿಯುತ್ತದೆ.

ಎರಡೂ ಮರಳಲ್ಲಿ ಹುದುಗಿ, ಕಣ್ಣಷ್ಟೇ ಹೊರಗಿಟ್ಟು ಮಲಗಿರುತ್ತವೆ. ಮೀನು ಹತ್ತಿರ ಬಂದಾಗ ಚಂಗನೆ ಎದ್ದು ಬಾಯಿಗೆ ಹಾಕಿಕೊಳ್ಳುತ್ತವೆ. ಇದೇ ಅಭ್ಯಾಸ ಅವುಗಳ ಜೀವ ತೆಗೀತಿರೋದು. ಟ್ರಾಲ್ ಬಲೆ ಕಡಲ ತಳವನ್ನೇ ಕೆರೆದುಕೊಂಡು ಹೋಗುತ್ತದೆ, ಅಲ್ಲಿ ಸುಮ್ನೆ ಮಲಗಿದ್ದ ಶಾರ್ಕೂ ಅದರೊಳಗೆ. ಮತ್ತೆ ಸಂಖ್ಯೆ ತುಂಬೋದೂ ನಿಧಾನ. ಮಾಮೂಲಿ ಜಾತಿ ಎಂಟು-ಹತ್ತು ತಿಂಗಳು ಹೊತ್ತು 7ರಿಂದ 25 ಮರಿ ಹಾಕುತ್ತದೆ. ಸಾಬ್ಯಾಕ್‌ಗೆ ಸುಮಾರು ಒಂದು ವರ್ಷವೇ ಬೇಕು. ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಅಂತ ಹೇಳೋ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಎರಡೂ ಅಳಿವಿಗೆ ತೀರಾ ಹತ್ತಿರವಿರುವ ವರ್ಗದಲ್ಲಿವೆ.

ಒಂದು ಕಾಲಕ್ಕೆ ನಾರ್ವೆವರೆಗೂ ಇದ್ದ ಮಾಮೂಲಿ ಜಾತಿ ಈಗ ಚೆನ್ನಾಗಿ ಉಳಿದಿರೋದು ಸ್ಪೇನಿನ ಕೆನರಿ ದ್ವೀಪಗಳಲ್ಲಿ. ಅಲ್ಲಿನ ಟೆನೆರಿಫೆ ದ್ವೀಪದ ಲಾಸ್ ತೆರೆಸಿತಾಸ್ ಬೀಚಿನಲ್ಲಿ ಅದರ ಮರಿಗಳು ಬೆಳೆಯುತ್ತವೆ. ಸಾಬ್ಯಾಕ್ ಮೆಡಿಟರೇನಿಯನ್ ಮತ್ತು ಆಫ್ರಿಕಾದ ಪಶ್ಚಿಮ ಕರಾವಳಿಯದ್ದು. ನನಗೆ ಜಾಸ್ತಿ ಚಿಂತೆ ಇದರದ್ದೇ. ಮೀನುಗಾರಿಕೆ ಲೆಕ್ಕದಲ್ಲಿ ಎಷ್ಟೋ ಸಲ ಎಲ್ಲವನ್ನೂ ಏಂಜಲ್ ಶಾರ್ಕ್ ಅಂತ ಒಂದೇ ಹೆಸರಲ್ಲಿ ಬರೀತಾರೆ. ಆಗ ಯಾವುದು ಕಡಿಮೆ ಆಯ್ತು ಅಂತ ತಿಳಿಯೋದು ಹೇಗೆ?

ಇವೆರಡೂ ನಮ್ಮ ಕಡಲಲ್ಲಿಲ್ಲ. ಮಲ್ಪೆಯಲ್ಲೋ ಮಂಗಳೂರಲ್ಲೋ ಇಂಥ ಚಪ್ಪಟೆ ಮೀನು ಕಂಡರೆ ಅದು ಬಹುತೇಕ ತೊರಕೆ, ಅಂದರೆ ರೇ ಮೀನು. ತಿರುಗಿಸಿ ನೋಡಿ, ತೊರಕೆಗೆ ಸಾಮಾನ್ಯವಾಗಿ ಬಾಯಿ ಹೊಟ್ಟೆ ಕಡೆ ಇರುತ್ತದೆ. ಏಂಜಲ್ ಶಾರ್ಕ್‌ಗೆ ಮೂತಿಯ ತುದಿಯಲ್ಲೇ.