ತಾರಸಿಯ ಸೌರ ವಿದ್ಯುತ್ತನ್ನು ಬೀದಿಯ ಕೇಬಲ್ ತಾಳೀತೇ?

ಪ್ರಶ್ನೆ: ಪುಣೆಯ ಕೋಥರೂಡಿನಲ್ಲಿರುವ 48 ಮನೆಗಳ ನಮ್ಮ ಸೊಸೈಟಿಯ ತಾರಸಿಯಲ್ಲಿ 60 ಕಿಲೋವ್ಯಾಟ್ ಸೌರ ಘಟಕ ಹಾಕಿಸಲು ಅರ್ಜಿ ಕೊಟ್ಟಿದ್ದೆವು. ತಿಂಗಳಿಗೆ ಅದು ಉತ್ಪಾದಿಸುವುದಕ್ಕಿಂತ ನಮ್ಮ ಬಳಕೆಯೇ ಹೆಚ್ಚು. ಆದರೂ ವಿತರಣಾ ಕಂಪನಿ ತಾಂತ್ರಿಕ ಪರಿಶೀಲನೆ ನಡೆಸಿ 30 ಕಿಲೋವ್ಯಾಟಿಗೆ ಮಾತ್ರ ಒಪ್ಪಿದೆ. ಇದು ಸರಿಯೇ? – ಕಾರ್ಯದರ್ಶಿ, ಪುಣೆ

ಉತ್ತರ: ತಿಂಗಳ ಲೆಕ್ಕ ಬಿಲ್ಲಿಗೆ ಸಂಬಂಧಿಸಿದ್ದು. ಪರಿಶೀಲನೆಯಲ್ಲಿ ನೋಡುವುದು ಬಿಸಿಲು ಪ್ರಖರವಾಗಿದ್ದು, ಹೆಚ್ಚಿನ ನಿವಾಸಿಗಳು ಕೆಲಸಕ್ಕೆ ಹೋಗಿರುವುದರಿಂದ ಬಳಕೆ ತೀರ ಕಡಿಮೆಯಿರುವ ಮಧ್ಯಾಹ್ನವನ್ನು. ಆಗ ನಿಮ್ಮ ವಿದ್ಯುತ್ತು ಕೇಬಲಿನಲ್ಲಿ ಹಿಮ್ಮುಖವಾಗಿ ಟ್ರಾನ್ಸ್‌ಫಾರ್ಮರಿನತ್ತ ಹರಿಯುತ್ತದೆ. ಹಾಗೆ ಹರಿಯಬೇಕಾದರೆ ನಿಮ್ಮ ಕಟ್ಟಡದ ವೋಲ್ಟೇಜು ಟ್ರಾನ್ಸ್‌ಫಾರ್ಮರಿನ ಬಳಿ ಇರುವುದಕ್ಕಿಂತ ಏರಲೇಬೇಕು.

ಒಂದು ಅಂದಾಜು ಮಾಡೋಣ. ಟ್ರಾನ್ಸ್‌ಫಾರ್ಮರಿನಿಂದ ನಿಮ್ಮ ಕಟ್ಟಡಕ್ಕೆ 95 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ಕೇಬಲ್ 300 ಮೀಟರ್ ಉದ್ದಕ್ಕೆ ಬಂದಿದೆ ಎಂದಿಟ್ಟುಕೊಳ್ಳಿ. ಅದರ ಪ್ರತಿರೋಧ ಮೂರು ಫೇಸುಗಳಲ್ಲಿ ಪ್ರತಿಯೊಂದಕ್ಕೆ ಸುಮಾರು 0.1 ಓಮ್. ಇಡೀ 60 ಕಿಲೋವ್ಯಾಟ್ ಹೊರಗೆ ಹರಿದರೆ ಪ್ರತಿ ಫೇಸಿನಲ್ಲಿ ಸುಮಾರು 83 ಆಂಪಿಯರ್ ಹರಿದು, ವೋಲ್ಟೇಜು 8 ವೋಲ್ಟಿನಷ್ಟು ಏರುತ್ತದೆ. ಟ್ರಾನ್ಸ್‌ಫಾರ್ಮರಿನ ಬಳಿ ಆಗಲೇ 245 ವೋಲ್ಟ್ ಇದ್ದರೆ ನಿಮ್ಮಲ್ಲಿ 253 ಆಗುತ್ತದೆ. ಅದು ಮನೆಗಳಿಗೆ ನಿಗದಿಯಾದ 230 ವೋಲ್ಟಿನ 110 ಶೇಕಡಾ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮಗಳ ಪ್ರಕಾರ ವೋಲ್ಟೇಜು ಆ ಗೆರೆ ದಾಟಿದರೆ ಘಟಕ ತಾನಾಗಿ ಸಂಪರ್ಕ ಕಡಿದುಕೊಳ್ಳಬೇಕು. ಹಾಗೆ ಪದೇ ಪದೇ ಕಡಿದುಕೊಳ್ಳುವ ಘಟಕದಿಂದ ನಿಮಗೆ ನಷ್ಟ, ಏರಿದ ವೋಲ್ಟೇಜಿನಿಂದ ಅದೇ ಸಾಲಿನ ಅಕ್ಕಪಕ್ಕದ ಮನೆಗಳಿಗೂ ತೊಂದರೆ.

ಇದರ ಜೊತೆಗೆ ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯವೆಷ್ಟು, ಅದಕ್ಕೆ ಈಗಾಗಲೇ ಎಷ್ಟು ಸೌರ ಘಟಕಗಳು ಸೇರಿವೆ ಎಂಬುದನ್ನೂ ನೋಡುತ್ತಾರೆ. ಪೂರೈಕೆ ನಿಂತಾಗ ಇನ್ವರ್ಟರ್ (ಸೌರ ಫಲಕಗಳ ವಿದ್ಯುತ್ತನ್ನು ಸಾಲಿಗೆ ಹೊಂದುವ ಎಸಿ ವಿದ್ಯುತ್ತಾಗಿಸುವ ಸಾಧನ) ತಂತಿಗೆ ವಿದ್ಯುತ್ತು ಹರಿಸುತ್ತಲೇ ಇರದೆ ತಟ್ಟನೆ ಕಡಿದುಕೊಳ್ಳುವುದೇ ಎಂಬುದು ಇನ್ನೊಂದು ಅಂಶ; ಕಂಬ ಹತ್ತಿದ ಲೈನ್‌ಮನ್ನಿನ ಪ್ರಾಣ ಅದರ ಮೇಲೆ ನಿಂತಿರುವುದರಿಂದ ಇಲ್ಲಿ ರಿಯಾಯಿತಿ ಕೇಳಬಾರದು.

ಆದ್ದರಿಂದ 30 ಎಂಬ ಸಂಖ್ಯೆ ತಪ್ಪೆಂದು ನಾನು ಹೇಳಲಾರೆ. ಆದರೆ ಕಾರಣ ಕೊಡದೆ ಹೇಳಿದ ಸಂಖ್ಯೆಯನ್ನು ನೀವು ಒಪ್ಪಬೇಕಾಗಿಯೂ ಇಲ್ಲ. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರಲ್ಲಿ ಬಂದ ತಿದ್ದುಪಡಿಯ ನಂತರ 10 ಕಿಲೋವ್ಯಾಟಿನವರೆಗಿನ ತಾರಸಿ ಘಟಕಗಳಿಗೆ ಈ ಪರಿಶೀಲನೆಯೇ ಬೇಕಿಲ್ಲ. ಅದಕ್ಕಿಂತ ದೊಡ್ಡವುಗಳ ಪರಿಶೀಲನೆಯನ್ನು 15 ದಿನಗಳಲ್ಲಿ ಮುಗಿಸಬೇಕು. ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯ, ಮಧ್ಯಾಹ್ನದ ಕನಿಷ್ಠ ಹೊರೆ, ಕೇಬಲಿನ ಅಳತೆ ಮತ್ತು ಉದ್ದ, ಈ ನಾಲ್ಕನ್ನು ಲಿಖಿತವಾಗಿ ಕೇಳಿರಿ. ಅಡಚಣೆ ಕೇಬಲಿನದ್ದೇ ಎಂದು ತಿಳಿದುಬಂದರೆ, 60 ಕಿಲೋವ್ಯಾಟಿನ ಘಟಕವನ್ನೇ ಹಾಕಿ, ಹೊರಗೆ ಹರಿಯುವುದು 30 ಕಿಲೋವ್ಯಾಟ್ ಮೀರದಂತೆ ಇನ್ವರ್ಟರಿನಲ್ಲಿ ಮಿತಿ ಹೊಂದಿಸಲು ಅನುಮತಿ ಕೇಳಬಹುದು. ಲಿಫ್ಟು, ನೀರಿನ ಪಂಪುಗಳನ್ನು ಹಗಲಲ್ಲೇ ಹೆಚ್ಚು ನಡೆಸಿದಷ್ಟೂ ಆ ಮಿತಿಯಿಂದ ನಿಮಗಾಗುವ ನಷ್ಟ ಕಡಿಮೆಯಾಗುತ್ತದೆ.